ಇಡೀ ಆಫೀಸಿನ ಕೇಬಲ್ ಕಿತ್ತು ಹಾಕಬೇಕಾ? ಶಿವಮೊಗ್ಗದ ನಮ್ಮ ಆಫೀಸಿನ ನೆಟ್‌ವರ್ಕ್ ಕೆಲಸದ ಅನುಭವ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಮ್ಮದೊಂದು ಸಣ್ಣ ಟ್ಯಾಕ್ಸ್ ಆಫೀಸ್ ಇದೆ. ಹನ್ನೊಂದು ಜನ, ಹದಿನಾಲ್ಕು ನೆಟ್‌ವರ್ಕ್ ಪಾಯಿಂಟ್, ಅಂದರೆ ಗೋಡೆಯಲ್ಲಿ ಕಂಪ್ಯೂಟರಿನ ಕೇಬಲ್ ಸಿಕ್ಕಿಸುವ ಜಾಗ. ಕಳೆದ ತಿಂಗಳು ಕೇಬಲಿಂಗ್ ಕೆಲಸ ಮಾಡಿಸಿದೆವು. ಮೊದಲು ಬಂದ ಕೊಟೇಶನ್ 1,62,000 ರೂಪಾಯಿ, ಕೊನೆಗೆ ಖರ್ಚಾಗಿದ್ದು 30,060. ನಮ್ಮ ಹಾಗೆ ಸಣ್ಣ ಆಫೀಸ್ ನಡೆಸುವವರು ಎಷ್ಟೋ ಜನ ಇದೇ ಗೊಂದಲದಲ್ಲಿ ಇರುತ್ತಾರೆ, ಅವರಿಗೆ ಉಪಯೋಗ ಆಗಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ. ಕೆಲಸ ಮಾಡಿಕೊಟ್ಟವರು ತಮ್ಮ ಹೆಸರು ಹಾಕುವುದು ಬೇಡ ಎಂದಿದ್ದಾರೆ, ಹಾಗಾಗಿ ಹೆಸರಿಲ್ಲ.

ಮೊದಲು ತೊಂದರೆ ಏನಿತ್ತು ಎನ್ನುವುದನ್ನು ಹೇಳುತ್ತೇನೆ. ನಮ್ಮ ಕಕ್ಷಿದಾರರಲ್ಲಿ ಜಾಸ್ತಿ ಅಡಿಕೆ ಮಂಡಿಯವರು, ಹಾರ್ಡ್‌ವೇರ್ ಅಂಗಡಿಯವರು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎನ್ನುವ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕು. ಆ ಎರಡು ತಾರೀಕು ಹತ್ತಿರ ಬಂತೆಂದರೆ ಎಲ್ಲರೂ ಒಟ್ಟಿಗೆ ಟ್ಯಾಲಿ ಎನ್ನುವ ಲೆಕ್ಕಪತ್ರದ ಸಾಫ್ಟ್‌ವೇರಿನಲ್ಲಿ ಕೂತಿರುತ್ತಾರೆ. ಡೇಟಾ ಎಲ್ಲ ಒಂದೇ ಕಂಪ್ಯೂಟರಿನಲ್ಲಿದೆ, ನಾವು ಅದನ್ನು ಸರ್ವರ್ ಅಂತಲೇ ಕರೆಯುತ್ತೇವೆ, ಉಳಿದವರು ನೆಟ್‌ವರ್ಕ್ ಮೂಲಕ ಅದನ್ನೇ ತೆರೆಯುತ್ತಾರೆ. ಒಂದು ವರ್ಷದಿಂದ ಈ ದಿನಗಳಲ್ಲಿ ಪರದೆ ಸುಮ್ನೆ ನಿಂತುಬಿಡುತ್ತಿತ್ತು. ಒಂದು ಲೆಡ್ಜರ್ ತೆರೆಯಲು ಎಂಟರ್ ಒತ್ತಿ, ಎದ್ದು ಹೋಗಿ ನೀರು ಕುಡಿದು ಬಂದರೂ ಹಾಗೇ ಇರುತ್ತಿತ್ತು. ಸಂಜೆಯ ಬ್ಯಾಕಪ್ 18 ಜಿಬಿ. ಅದು ಮುಗಿಯಲು ಅರ್ಧ ಗಂಟೆ ಬೇಕು, ಅಷ್ಟು ಹೊತ್ತು ಬೇರೆ ಯಾರೂ ಕೆಲಸ ಮಾಡುವ ಹಾಗಿಲ್ಲ. ಇಂಟರ್ನೆಟ್ ನಿಧಾನ ಎಂದುಕೊಂಡು ಪ್ಲಾನ್ ಅನ್ನು 100ರಿಂದ 200 ಎಂಬಿಪಿಎಸ್‌ಗೆ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎನ್ನುವ ಅಳತೆ) ಏರಿಸಿದೆವು. ಏನೂ ಬದಲಾಗಲಿಲ್ಲ. ಟ್ಯಾಲಿ ಡೇಟಾ ಓಡಾಡುವುದು ಆಫೀಸಿನ ಒಳಗೇ ಅಲ್ವಾ, ಹೊರಗಿನ ಇಂಟರ್ನೆಟ್ ಪ್ಲಾನಿಗೂ ಅದಕ್ಕೂ ಸಂಬಂಧವೇ ಇಲ್ಲ. ಇದು ಅರ್ಥವಾಗಲು ನಮಗೆ ಮೂರು ತಿಂಗಳ ಬಿಲ್ ಬೇಕಾಯಿತು.

ಕಂಪ್ಯೂಟರ್ ಸರ್ವಿಸ್‌ಗೆ ಬರುವವರೊಬ್ಬರು "ಕೇಬಲ್ ಹಳೆಯದು ಮೇಡಂ, 2009ರದ್ದು, ಎಲ್ಲ ಬದಲಿಸಿಬಿಡಿ" ಎಂದರು. ಅವರ ಮೂಲಕವೇ ಒಂದು ಕಂಪನಿಯಿಂದ ಇಬ್ಬರು ಬಂದರು. ಟೇಪ್ ಹಿಡಿದು ಅಳತೆ ತೆಗೆದರು, ಫೋಟೋ ತೆಗೆದರು, ಕಾಫಿ ಕುಡಿದರು, ಮಾರನೇ ದಿನ ಕೊಟೇಶನ್ ಬಂತು. ಹದಿನಾಲ್ಕು ಪಾಯಿಂಟಿಗೂ ಹೊಸ ಕ್ಯಾಟ್ 6ಎ ಕೇಬಲ್ (ಕ್ಯಾಟ್ ಎನ್ನುವುದು ನೆಟ್‌ವರ್ಕ್ ಕೇಬಲಿನ ದರ್ಜೆ), ಹೊಸ ರ‍್ಯಾಕ್, ಕೇಬಲ್‌ಗಳ ತುದಿ ಸೇರಿಸುವ ಹೊಸ ಪ್ಯಾಚ್ ಪ್ಯಾನೆಲ್, ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ 24 ಪೋರ್ಟಿನ (24 ಕೇಬಲ್ ಸಿಕ್ಕಿಸಬಹುದಾದ) ಸ್ವಿಚ್, ಜೊತೆಗೆ ಗೋಡೆ ಒಡೆದು ಮುಚ್ಚುವ ಖರ್ಚು. ಒಟ್ಟು 1,62,000, ಅದರ ಮೇಲೆ ಜಿಎಸ್‌ಟಿ. ಎರಡು ದಿನ ಆಫೀಸ್ ಮುಚ್ಚಬೇಕು ಎಂದೂ ಬರೆದಿದ್ದರು. ಅವರು ಕೊಟ್ಟ ಸಾಮಾನಿನ ಪಟ್ಟಿಯಲ್ಲಿ ತಪ್ಪೇನೂ ಇರಲಿಲ್ಲ, ಒಳ್ಳೆಯ ಸಾಮಾನೇ. ನನ್ನ ಬೇಜಾರು ಒಂದೇ. ಇಬ್ಬರಲ್ಲಿ ಒಬ್ಬರೂ ಒಂದು ಜ್ಯಾಕ್ ಬಿಚ್ಚಿ ನೋಡಲಿಲ್ಲ, ಒಂದು ಕೇಬಲ್ ಟೆಸ್ಟ್ ಮಾಡಲಿಲ್ಲ. ರೋಗ ಏನೆಂದು ನೋಡದೆ ಆಪರೇಷನ್‌ಗೆ ದಿನ ಗೊತ್ತು ಮಾಡಿದ ಹಾಗಾಯಿತು.

ನಮ್ಮ ಹಿರಿಯ ಪಾರ್ಟ್‌ನರ್ ಸರ್ "ಮಾಡಿಸಿಬಿಡೋಣ, ದಿನಾ ಈ ಗೋಳು ಯಾರಿಗೆ ಬೇಕು" ಎಂದರು. ನಾನು ಎರಡು ವಾರ ಸಮಯ ಕೇಳಿಕೊಂಡೆ. ರಾತ್ರಿ ಕೂತು ಓದತೊಡಗಿದೆ.

ಓದಿದ್ದರಲ್ಲಿ ಮುಖ್ಯವಾದದ್ದು ಇಷ್ಟು. ನಮ್ಮ ಗೋಡೆಯಲ್ಲಿ ಇರುವುದು ಕ್ಯಾಟ್ 5ಇ. ಇದನ್ನು ತಿಳಿಯುವುದು ಸುಲಭ, ಕೇಬಲಿನ ಹೊರಗಿನ ಸಿಪ್ಪೆಯ ಮೇಲೆಯೇ ಅಚ್ಚಾಗಿರುತ್ತದೆ, ಎಷ್ಟನೇ ಮೀಟರ್ ಎನ್ನುವುದೂ ಇರುತ್ತದೆ. ಕ್ಯಾಟ್ 5ಇ ಕೇಬಲ್ ಸರಿಯಾಗಿದ್ದರೆ 100 ಮೀಟರ್ ತನಕ ಗಿಗಾಬಿಟ್, ಅಂದರೆ ಸೆಕೆಂಡಿಗೆ 1000 ಮೆಗಾಬಿಟ್ ಆರಾಮಾಗಿ ಓಡುತ್ತದೆ. ತಾಮ್ರದ ತಂತಿಯ ಮೇಲೆ ಗಿಗಾಬಿಟ್ ಓಡಿಸುವ ಸ್ಟ್ಯಾಂಡರ್ಡ್ ಬಂದದ್ದೇ 1999ರಲ್ಲಿ. ಅಷ್ಟೇ ಅಲ್ಲ, 2016ರಲ್ಲಿ ಬಂದ ಇನ್ನೊಂದು ಸ್ಟ್ಯಾಂಡರ್ಡ್ ಪ್ರಕಾರ ಇದೇ ಕ್ಯಾಟ್ 5ಇ ಮೇಲೆ 2.5 ಗಿಗಾಬಿಟ್ ಕೂಡ ಓಡಿಸಬಹುದು. ಹಳೇ ಕಟ್ಟಡಗಳಲ್ಲಿ ಗೋಡೆ ಒಡೆಯದೆ ವೇಗ ಜಾಸ್ತಿ ಮಾಡಿಕೊಳ್ಳಲಿ ಎಂದೇ ಅದನ್ನು ಮಾಡಿದ್ದು. ಕ್ಯಾಟ್ 6ಎ ಬೇಕಾಗುವುದು 10 ಗಿಗಾಬಿಟ್ ಅನ್ನು ಪೂರ್ತಿ 100 ಮೀಟರ್ ಓಡಿಸಬೇಕಾದಾಗ. ನಮ್ಮ ಆಫೀಸಿನ ಅತಿ ಉದ್ದದ ಕೇಬಲ್ 32 ಮೀಟರ್. ಹತ್ತು ಗಿಗಾಬಿಟ್ ತೆಗೆದುಕೊಳ್ಳುವ ಕಂಪ್ಯೂಟರ್ ಒಂದೂ ಇಲ್ಲ. ಹಾಗಿದ್ದ ಮೇಲೆ 2009ರ ಕೇಬಲ್ ಅನ್ನುವ ಒಂದೇ ಕಾರಣಕ್ಕೆ ಗೋಡೆ ಒಡೆಸುವುದು ನನಗೆ ಸರಿ ಕಾಣಲಿಲ್ಲ. ಗೋಡೆಯೊಳಗೆ ಪೈಪಿನಲ್ಲಿ ತಣ್ಣಗೆ ಮಲಗಿರುವ ತಾಮ್ರದ ತಂತಿ ಹದಿನೈದು ವರ್ಷಕ್ಕೆ ಹಾಳಾಗುವುದಿಲ್ಲ. ಹಾಳಾಗುವುದು ತುದಿಗಳು.

ಪರಿಚಯದ ಒಬ್ಬ ಡಾಕ್ಟರರ ಕ್ಲಿನಿಕ್‌ಗೆ ಕೆಲಸ ಮಾಡಿಕೊಟ್ಟಿದ್ದ ಒಬ್ಬರ ನಂಬರ್ ಸಿಕ್ಕಿತು. ತೀರ್ಥಹಳ್ಳಿ ಕಡೆಯವರು, ಒಬ್ಬ ಹುಡುಗನನ್ನು ಜೊತೆಗಿಟ್ಟುಕೊಂಡು ತಾವೇ ಕೆಲಸ ಮಾಡುತ್ತಾರೆ. ಫೋನಿನಲ್ಲಿ ರೇಟ್ ಕೇಳಿದೆ. "ನೋಡದೆ ಹೇಗೆ ಹೇಳಲಿ ಮೇಡಂ, ಟೆಸ್ಟ್ ಮಾಡಕ್ಕೆ 1,500 ತಗೋತೀನಿ, ಕೆಲಸ ನನಗೇ ಕೊಟ್ಟರೆ ಅದನ್ನ ಕಳೀತೀನಿ" ಎಂದರು. ಆ ಒಂದು ಮಾತಿಗೇ ನಾನು ಒಪ್ಪಿಕೊಂಡೆ.

ಭಾನುವಾರ ಬೆಳಿಗ್ಗೆ ಬಂದರು. ಎರಡು ಲ್ಯಾಪ್‌ಟಾಪ್, ಒಂದು ಸಣ್ಣ ಗಿಗಾಬಿಟ್ ಸ್ವಿಚ್, ಕೇಬಲ್ ಟೆಸ್ಟರ್, ತಂತಿಯನ್ನು ಜ್ಯಾಕಿನೊಳಗೆ ಒತ್ತಿ ಕೂರಿಸುವ ಪಂಚಿಂಗ್ ಟೂಲ್. ಒಂದು ಲ್ಯಾಪ್‌ಟಾಪನ್ನು ಎಲ್ಲ ಕೇಬಲ್ ಬಂದು ಸೇರುವ ಮುಂಭಾಗದ ರ‍್ಯಾಕಿಗೆ ಹಾಕಿದರು, ಇನ್ನೊಂದನ್ನು ಹಿಡಿದುಕೊಂಡು ಒಂದೊಂದೇ ಪಾಯಿಂಟಿಗೆ ಹೋಗಿ ಐಪರ್ಫ್ ಎನ್ನುವ ಉಚಿತ ಪ್ರೋಗ್ರಾಂ ಓಡಿಸಿದರು. ಎರಡು ಕಂಪ್ಯೂಟರುಗಳ ನಡುವೆ ನಿಜವಾಗಿ ಎಷ್ಟು ವೇಗ ಬರುತ್ತಿದೆ ಎಂದು ಅದು ಅಳೆದು ತೋರಿಸುತ್ತದೆ. ಗಿಗಾಬಿಟ್ ಸರಿಯಾಗಿದ್ದರೆ 940 ಎಂಬಿಪಿಎಸ್ ಆಸುಪಾಸು ಬರಬೇಕು, 100ರಲ್ಲಿ ಸಿಕ್ಕಿಕೊಂಡಿದ್ದರೆ 94ರ ಹತ್ತಿರ. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಒಂದು ಹಾಳೆಯಲ್ಲಿ ಬರೆದುಕೊಂಡೆ. ಹದಿನಾಲ್ಕರಲ್ಲಿ ಒಂಬತ್ತು ಪಾಯಿಂಟ್ 940 ತೋರಿಸಿದವು. ಒಂಬತ್ತು! ಕಿತ್ತು ಬಿಸಾಡಬೇಕು ಎಂದಿದ್ದ ಅದೇ ಹಳೇ ಕೇಬಲ್. ಆಮೇಲೆ ಸುಮಾರು ಹೊತ್ತು ನಾನು ಆ ಹಾಳೆಯನ್ನೇ ನೋಡುತ್ತಿದ್ದೆ.

ಉಳಿದ ಐದರ ಕಥೆ ಹೇಳಲೇಬೇಕು, ಯಾಕೆಂದರೆ ನಿಮ್ಮ ಆಫೀಸಿನಲ್ಲೂ ಇವುಗಳಲ್ಲಿ ಒಂದಾದರೂ ಇರುವ ಸಾಧ್ಯತೆ ಜಾಸ್ತಿ.

ದೊಡ್ಡ ತೊಂದರೆ ಇದ್ದದ್ದು ಹಿಂದಿನ ಕೋಣೆಯಲ್ಲಿ. ಯುಪಿಎಸ್ ಹತ್ತಿರ ಇರಲಿ ಎಂದು ಕೆಲವು ವರ್ಷಗಳ ಹಿಂದೆ ಸರ್ವರನ್ನು ಅಲ್ಲಿಗೆ ಸಾಗಿಸಿದ್ದೆವು. ಅಲ್ಲಿ ಗೋಡೆಯಲ್ಲಿ ಒಂದೇ ಪಾಯಿಂಟ್ ಇತ್ತು, ಸಾಲದೆ ಬಂದದ್ದಕ್ಕೆ ಡ್ರಾಯರಿನಲ್ಲಿ ಬಿದ್ದಿದ್ದ ಎಂಟು ಪೋರ್ಟಿನ ಹಳೇ ಸ್ವಿಚ್ ತಂದು ಹಾಕಿದ್ದರು. ಅದು 100 ಎಂಬಿಪಿಎಸ್ ಸ್ವಿಚ್. ಮುಂದಿನ ರ‍್ಯಾಕಿನಲ್ಲಿ 2016ರಲ್ಲೇ ಗಿಗಾಬಿಟ್ ಸ್ವಿಚ್ ಹಾಕಿದ್ದೇವೆ, ಆದರೆ ಹನ್ನೊಂದು ಜನರ ಟ್ಯಾಲಿ ಡೇಟಾ ಎಲ್ಲ ಕೊನೆಗೆ ಹಾದುಹೋಗುವುದು ಈ ಪುಟ್ಟ ಡಬ್ಬಿಯ ಮೂಲಕ. ಬಿ.ಎಚ್. ರಸ್ತೆಯ ವಾಹನವನ್ನೆಲ್ಲ ಒಂದು ಓಣಿಗೆ ನುಗ್ಗಿಸಿದ ಹಾಗೆ.

ಅವರು ತಕ್ಷಣ ತಮ್ಮ ಗಿಗಾಬಿಟ್ ಸ್ವಿಚ್ ಇಟ್ಟು ನೋಡಿದರು. ಆದರೂ 94. ಆಗ ಗೋಡೆಯ ಫೇಸ್‌ಪ್ಲೇಟ್ ಬಿಚ್ಚಿದರು. ಒಳಗೆ ಬೂದಿ ಬಣ್ಣದ ಕೇಬಲ್, ಅದರ ಸಿಪ್ಪೆ ಒಂದು ಗೇಣು ಸುಲಿದಿತ್ತು. ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ ಮಾತ್ರ ಜ್ಯಾಕಿಗೆ ಹೋಗಿವೆ. ನೀಲಿ ಮತ್ತು ಕಂದು ಜೋಡಿಗಳನ್ನು ಹಿಂದಕ್ಕೆ ತಿರುಗಿಸಿ, ಪಕ್ಕದ ಇಂಟರ್‌ಕಾಮ್ ಫೋನಿನ ತಂತಿಗೆ ಸುತ್ತಿ, ಕಪ್ಪು ಟೇಪ್ ಹಾಕಿದ್ದಾರೆ. ಟೇಪ್ ಅಂಟು ಬಿಟ್ಟು ಜೋತುಬಿದ್ದಿತ್ತು, ತಾಮ್ರದ ತುದಿ ಹಸಿರುಗಟ್ಟಿತ್ತು.

"ಇಲ್ನೋಡಿ ಮೇಡಂ, ಎಂಟು ತಂತಿಯಲ್ಲಿ ನಾಲ್ಕೇ ಬಂದಿದೆ. ಇನ್ನು ನಾಲ್ಕು ಫೋನಿಗೆ ಹೋಗಿದೆ ಮಾರಾಯ್ರೆ" ಎಂದರು.

ವಿಷಯ ಏನೆಂದರೆ, 100 ಎಂಬಿಪಿಎಸ್‌ಗೆ ಎರಡು ಜೋಡಿ ತಂತಿ ಸಾಕು. ಹಾಗಾಗಿ ಆ ಕಾಲದಲ್ಲಿ ಉಳಿದ ಎರಡು ಜೋಡಿಯನ್ನು ಫೋನಿಗೆ ಕೊಟ್ಟರೂ ಕಂಪ್ಯೂಟರ್ ಓಡುತ್ತಿತ್ತು, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಇಂಟರ್‌ಕಾಮನ್ನು ನಾವು ಬಳಸಿ ಎಷ್ಟೋ ವರ್ಷ ಆಯಿತು, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಫೋನಿನ ತಂತಿ ಬಿಡಿಸಿ, ಹಸಿರುಗಟ್ಟಿದ ತುದಿಯನ್ನು ಕತ್ತರಿಸಿ, ಎರಡೂ ಕಡೆ ಹೊಸ ಜ್ಯಾಕಿಗೆ ಎಂಟೂ ತಂತಿಯನ್ನು ಪಂಚ್ ಮಾಡಿದರು. ಇಪ್ಪತ್ತು ನಿಮಿಷದ ಕೆಲಸ. ಐಪರ್ಫ್ 941 ತೋರಿಸಿತು. ಅದೇ ಕೇಬಲ್, ಅದೇ ಗೋಡೆ.

ಮುಂದಿನ ಹಾಲಿನ ಎರಡು ಪಾಯಿಂಟಿನಲ್ಲಿ ಬೇರೆ ಥರದ ತಪ್ಪು. ಒಂದರಲ್ಲಿ ತಂತಿಗಳ ಹುರಿಯನ್ನು ಎರಡು ಮೂರು ಇಂಚು ಬಿಚ್ಚಿ ಜ್ಯಾಕಿಗೆ ತುರುಕಿದ್ದರು. ಈ ಕೇಬಲಿನಲ್ಲಿ ತಂತಿಗಳನ್ನು ಜೋಡಿ ಜೋಡಿಯಾಗಿ ಹುರಿ ಹಾಕಿರುವುದೇ ಒಂದರ ಸಿಗ್ನಲ್ ಇನ್ನೊಂದಕ್ಕೆ ಸೋರದೆ ಇರಲಿ ಎಂದು. ತುದಿಯಲ್ಲಿ ಹೆಚ್ಚೆಂದರೆ 13 ಮಿಲಿಮೀಟರ್, ಅರ್ಧ ಇಂಚು, ಅಷ್ಟೇ ಬಿಚ್ಚಬೇಕು. ಇನ್ನೊಂದು ಪಾಯಿಂಟ್ ನಿಜಕ್ಕೂ ಕಲಿಯುವಂಥದ್ದು. ಅದರಲ್ಲಿ ತಂತಿಗಳನ್ನು ಬಣ್ಣದ ಜೋಡಿ ಪಕ್ಕ ಪಕ್ಕ ಬರುವ ಹಾಗೆ ಅಂದವಾಗಿ ಜೋಡಿಸಿದ್ದರು, ಎರಡೂ ತುದಿಯಲ್ಲಿ ಒಂದೇ ರೀತಿ. ಕಿತ್ತಳೆ, ಹಸಿರು, ನೀಲಿ, ಕಂದು, ಸಾಲಾಗಿ. ಮುನ್ನೂರು ರೂಪಾಯಿಯ ಲೈಟ್ ಟೆಸ್ಟರಿನಲ್ಲಿ ಒಂದರಿಂದ ಎಂಟರ ತನಕ ಎಲ್ಲ ಲೈಟೂ ಸರಿಯಾಗಿ ಹೊತ್ತಿದವು. ಆದರೆ ಸರಿಯಾದ ಕ್ರಮದಲ್ಲಿ 3 ಮತ್ತು 6ನೇ ಪಿನ್ ಒಂದು ಜೋಡಿ ಆಗಬೇಕು, ಅಂದರೆ ಬಿಳಿ-ಹಸಿರು ತಂತಿ ಮೂರಕ್ಕೆ, ಹಸಿರು ಆರಕ್ಕೆ, ನಡುವೆ ನೀಲಿ ಜೋಡಿ. ಸಾಲಾಗಿ ಹಾಕಿದಾಗ ಈ ಜೋಡಿ ಒಡೆದುಹೋಗಿ, ಒಂದು ತಂತಿ ಹಸಿರಿನದ್ದು, ಇನ್ನೊಂದು ನೀಲಿಯದ್ದು ಸೇರಿಬಿಡುತ್ತದೆ. ಕರೆಂಟ್ ಹರಿಯುತ್ತದೆ, ಲೈಟ್ ಹೊತ್ತುತ್ತದೆ, ಆದರೆ ಡೇಟಾ ಕಲಸಿಹೋಗುತ್ತದೆ. ಆ ಮೇಜಿನಲ್ಲಿ ಕೂರುವ ಹುಡುಗಿ ಎರಡು ವರ್ಷದಿಂದ "ನನ್ನ ಸಿಸ್ಟಮ್ ಮಾತ್ರ ಹೀಗೆ ಮಾಡುತ್ತೆ" ಎಂದು ಹೇಳುತ್ತಲೇ ಇದ್ದಳು. ನಾವು ಅವಳ ಕಂಪ್ಯೂಟರಿಗೆ ಎರಡು ಸಲ ವಿಂಡೋಸ್ ಹಾಕಿಸಿದ್ದೆವು. ಅವಳಿಗೆ ತುಂಬಾ ತೊಂದರೆ ಕೊಟ್ಟೆವು ಎಂದು ಬೇಸರವಾಯಿತು.

ನಾಲ್ಕನೆಯದು ಸುಲಭದ್ದು. ಗೋಡೆಯಿಂದ ಕಂಪ್ಯೂಟರಿಗೆ ಹೋಗುವ ಪ್ಯಾಚ್ ಕಾರ್ಡ್ ಕುರ್ಚಿಯ ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾಗಿತ್ತು, ತುದಿಯ ಕ್ಲಿಪ್ ಮುರಿದು ಅಲ್ಲಾಡುತ್ತಿತ್ತು. ಯಾರಾದರೂ ಕೇಬಲ್ ಬಗ್ಗೆ ದೂರು ಹೇಳಿದರೆ ಮೊದಲು ಬದಲಿಸಿ ನೋಡಬೇಕಾದದ್ದು ಇದನ್ನೇ. ಕೈಯಲ್ಲಿ ಕ್ರಿಂಪ್ ಮಾಡಿದ ಪ್ಯಾಚ್ ಕಾರ್ಡ್‌ಗಳನ್ನೆಲ್ಲ ತೆಗೆದು, ಫ್ಯಾಕ್ಟರಿಯಿಂದ ಬರುವ ರೆಡಿಮೇಡ್‌ಗಳನ್ನು ಹಾಕಿಸಿದೆವು. ಹದಿನಾರು, ತಲಾ 160 ರೂಪಾಯಿ.

ಐದನೆಯದಕ್ಕೆ ಮಾತ್ರ ನಿಜವಾಗಿ ಹೊಸ ಕೇಬಲ್ ಬೇಕಾಗಿತ್ತು. ಕಾಂಪೌಂಡಿನ ಹಿಂಭಾಗದಲ್ಲಿ ಹಳೇ ಫೈಲುಗಳ ಕೋಣೆ ಇದೆ, ಅಲ್ಲೊಂದು ಸ್ಕ್ಯಾನರ್, ಒಂದು ಕಂಪ್ಯೂಟರ್. ಅದಕ್ಕೆ ಹೋಗುವ ಕೇಬಲ್ ಹೊರಗೋಡೆಯ ಮೇಲೆ ಬಿಸಿಲು ಮಳೆಗೆ ಬಿದ್ದುಕೊಂಡಿತ್ತು. ಒಳಗೆ ಹಾಕುವ ಮಾಮೂಲಿ ಕೇಬಲನ್ನೇ ಹೊರಗೆ ಎಳೆದಿದ್ದರು, ಸಿಪ್ಪೆ ಒಣಗಿದ ಅಡಿಕೆ ಹಾಳೆಯ ಹಾಗೆ ಸೀಳುಬಿಟ್ಟಿತ್ತು. ನಮ್ಮ ಕಡೆ ಏಪ್ರಿಲ್-ಮೇ ತಿಂಗಳ ಮಳೆ ಬರುವುದೇ ಗುಡುಗು ಸಿಡಿಲಿನ ಜೊತೆ. ಪ್ರತಿ ವರ್ಷ ಆ ಸಮಯಕ್ಕೆ ಸ್ವಿಚ್ಚಿನ ಒಂದು ಪೋರ್ಟ್ ಸುಟ್ಟುಹೋಗುತ್ತಿತ್ತು, ಒಂದು ವರ್ಷ ಕಂಪ್ಯೂಟರಿನ ಮದರ್‌ಬೋರ್ಡೇ ಹೋಯಿತು. ಎರಡೂ ಕಟ್ಟಡಕ್ಕೆ ಕರೆಂಟ್ ಮೀಟರ್ ಬೇರೆ ಬೇರೆ, ನಡುವೆ ತಾಮ್ರದ ತಂತಿ. ಇಲ್ಲಿ ಕ್ಯಾಟ್ 6 ಹಾಕುತ್ತೀರಾ ಎಂದು ಕೇಳಿದ್ದಕ್ಕೆ ಬೇಡವೇ ಬೇಡ ಎಂದರು. ಫೈಬರ್ ಹಾಕಿ, ಎರಡು ತುದಿಗೂ ಫೈಬರಿನ ಬೆಳಕಿನ ಸಿಗ್ನಲನ್ನು ತಾಮ್ರದ ಕೇಬಲಿನ ಸಿಗ್ನಲ್ ಮಾಡುವ ಮೀಡಿಯಾ ಕನ್ವರ್ಟರ್ ಇಟ್ಟರು. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ಸಿಡಿಲಿನ ಏಟು ಆ ದಾರಿಯಲ್ಲಿ ದಾಟಿ ಬರುವುದಿಲ್ಲ. ಕೆಲವು ಫೈಬರ್ ಕೇಬಲಿನಲ್ಲಿ ಬಲಕ್ಕೆಂದು ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನೇ ತಂದರೆ ಫೈಬರ್ ಹಾಕಿದ ಉದ್ದೇಶವೇ ಹಾಳು ಎಂದು, ಲೋಹ ಇಲ್ಲದ್ದನ್ನೇ ಹುಡುಕಿ ತಂದರು. ಕರೆಂಟ್ ಲೈನಿನ ಮೂಲಕ ಬರುವ ಸಿಡಿಲನ್ನು ಇದು ತಡೆಯುವುದಿಲ್ಲ, ಗುಡುಗು ಶುರುವಾದರೆ ಪ್ಲಗ್ ಕೀಳಲೇಬೇಕು ಎಂದೂ ಸ್ಪಷ್ಟವಾಗಿ ಹೇಳಿದರು. ಈ ಸಾಮಾನಿಗೆ 6,200 ಆಯಿತು. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಖರ್ಚು ಇದೇ.

ಹೊಸದಾಗಿ ನಾಲ್ಕು ಪಾಯಿಂಟ್ ಹಾಕಿಸಿದೆವು. ಎರಡು ಹೊಸ ಕ್ಯಾಬಿನ್‌ಗೆ, ಎರಡು ಸೀಲಿಂಗಿನಲ್ಲಿ ವೈಫೈ ಡಬ್ಬಿಗಳಿಗೆ. ಹೊಸದಾಗಿ ಎಳೆಯುವುದಕ್ಕೆ ಕ್ಯಾಟ್ 6 ಹಾಕಿ ಎಂದು ಅವರೇ ಹೇಳಿದರು, ನನಗೂ ಅದು ಒಪ್ಪಿಗೆಯಾಯಿತು. ಎಳೆಯುವ ಕೂಲಿ ಎರಡಕ್ಕೂ ಒಂದೇ, ಕೇಬಲಿನ ವ್ಯತ್ಯಾಸ ಸ್ವಲ್ಪ, ಮತ್ತು ಮುಂದೆ ಯಾವಾಗಲಾದರೂ 10 ಗಿಗಾಬಿಟ್ ಬೇಕಾದರೆ ಪರಿಸ್ಥಿತಿ ಚೆನ್ನಾಗಿದ್ದಲ್ಲಿ ಕ್ಯಾಟ್ 6 ಮೇಲೆ 55 ಮೀಟರ್ ತನಕ ಓಡುತ್ತದೆ. ಜ್ಯಾಕ್, ಪ್ಯಾಚ್ ಕಾರ್ಡ್ ಕೂಡ ಕ್ಯಾಟ್ 6 ಆಗಿರಬೇಕು. ನಡುವೆ ಒಂದು 5ಇ ಜ್ಯಾಕ್ ಸೇರಿದರೂ ಇಡೀ ಲೈನನ್ನು 5ಇ ಎಂದೇ ಲೆಕ್ಕ ಹಾಕಬೇಕು.

ಕೇಬಲ್ ಖರೀದಿಯಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ, ಎಸ್.ಪಿ. ರಸ್ತೆಯಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಅವನಿಗೆ ಹೇಳಿದೆ. ಒಂದು ಅಂಗಡಿಯಲ್ಲಿ 305 ಮೀಟರಿನ ಕ್ಯಾಟ್ 6 ಬಾಕ್ಸ್ 3,200 ಎಂದರಂತೆ, ಇನ್ನೊಂದರಲ್ಲಿ ಒಳ್ಳೆಯ ಬ್ರ್ಯಾಂಡಿನದ್ದು 8,900. ಅಷ್ಟೊಂದು ವ್ಯತ್ಯಾಸ ನೋಡಿ ಅವನು ಬಾಕ್ಸಿನ ಫೋಟೋ ಕಳಿಸಿದ. ನಮ್ಮ ಕೇಬಲಿನವರು ಫೋಟೋ ದೊಡ್ಡದು ಮಾಡಿ, ಕೆಳಗಿನ ಮೂಲೆಯಲ್ಲಿದ್ದ ಸಣ್ಣ ಅಕ್ಷರ ತೋರಿಸಿದರು. ಸಿಸಿಎ ಎಂದಿತ್ತು. ಅಂದರೆ ಅಲ್ಯೂಮಿನಿಯಂ ತಂತಿಯ ಮೇಲೆ ತೆಳ್ಳಗೆ ತಾಮ್ರದ ಲೇಪ. ನೆಟ್‌ವರ್ಕ್ ಕೇಬಲಿನ ಸ್ಟ್ಯಾಂಡರ್ಡ್ ಕೇಳುವುದು ಪೂರ್ತಿ ತಾಮ್ರ, ಹಾಗಾಗಿ ಸಿಸಿಎ ಕೇಬಲ್ ಮೇಲೆ ಕ್ಯಾಟ್ 6 ಎಂದು ಅಚ್ಚು ಹಾಕಿದರೂ ಅದು ಕ್ಯಾಟ್ 6 ಅಲ್ಲ. ನಮ್ಮಲ್ಲೇ ಹಳೇ ತುಂಡೊಂದು ಸಿಕ್ಕಿತು. ಬ್ಲೇಡಿನಿಂದ ತಂತಿಯನ್ನು ಮೆಲ್ಲಗೆ ಕೆರೆದು ತೋರಿಸಿದರು, ಕೆಂಪು ಬಣ್ಣದ ಕೆಳಗೆ ಬೆಳ್ಳಗೆ ಕಂಡಿತು. ನಾಲ್ಕೈದು ಸಲ ಆ ಕಡೆ ಈ ಕಡೆ ಬಗ್ಗಿಸಿದಾಗ ಟಕ್ ಎಂದು ಮುರಿಯಿತು. ವೈಫೈ ಡಬ್ಬಿ, ಕ್ಯಾಮೆರಾಗಳಿಗೆ ಈಗ ಇದೇ ಕೇಬಲಿನಲ್ಲಿ ಕರೆಂಟೂ ಹೋಗುತ್ತದೆ. ಸಿಸಿಎಯ ಪ್ರತಿರೋಧ ತಾಮ್ರಕ್ಕಿಂತ ಜಾಸ್ತಿ, ತಂತಿ ಬಿಸಿಯಾಗುತ್ತದೆ, ದೂರದ ತುದಿಗೆ ವೋಲ್ಟೇಜ್ ಸಾಲುವುದಿಲ್ಲ. ದಯವಿಟ್ಟು ಇದನ್ನು ಹಾಕಿಸಬೇಡಿ. ಬಿಲ್ಲಿನಲ್ಲಿ ಪೂರ್ತಿ ತಾಮ್ರ ಎಂದು ಬರೆಸಿಕೊಳ್ಳಿ.

ಇನ್ನು ಕೆಲಸದ ಗುಣಮಟ್ಟ. ಚೆನ್ನಾಗಿತ್ತು ಎನ್ನುವುದಕ್ಕೆ ನನಗೆ ಯಾವ ಹಿಂಜರಿಕೆಯೂ ಇಲ್ಲ. ಪ್ರತಿ ಕೇಬಲಿನ ಎರಡೂ ತುದಿಗೆ, ಫೇಸ್‌ಪ್ಲೇಟಿಗೆ ನಂಬರ್ ಅಂಟಿಸಿದ್ದಾರೆ. ರ‍್ಯಾಕಿನಲ್ಲಿ ಪ್ಲಾಸ್ಟಿಕ್ ಟೈ ಬಿಗಿದು ಕೇಬಲನ್ನು ಹಿಸುಕದೆ ವೆಲ್ಕ್ರೋ ಪಟ್ಟಿ ಹಾಕಿದ್ದಾರೆ. ಹೊಸ ಕೇಬಲನ್ನು ಕರೆಂಟ್ ವೈರಿನ ಪೈಪಿನಲ್ಲಿ ತುರುಕಲಿಲ್ಲ, ಬೇರೆ ಕೇಸಿಂಗ್ ಪಟ್ಟಿ ಹಾಕಿ ದೂರದಲ್ಲೇ ತಂದರು. ಮೂಲೆಯಲ್ಲಿ ಕೇಬಲನ್ನು ಮಡಚದೆ ದುಂಡಗೆ ತಿರುಗಿಸಿದರು. ಆಫೀಸ್ ಒಂದು ದಿನವೂ ಮುಚ್ಚಲಿಲ್ಲ, ಎರಡು ಭಾನುವಾರ ಮತ್ತು ಮೂರು ಸಂಜೆಯಲ್ಲಿ ಮುಗಿಯಿತು.

ಸರಿ ಕಾಣದ್ದೂ ಇದೆ. ಎರಡು ಸಲ ಹೇಳಿದ ಸಮಯಕ್ಕೆ ಬರಲಿಲ್ಲ, ಒಂದು ಸಂಜೆ ಬೀಗದ ಕೈ ಹಿಡಿದುಕೊಂಡು ಎಂಟೂವರೆ ತನಕ ಕಾದೆ. ಡ್ರಿಲ್ ಮಾಡುವಾಗ ಮೇಜುಗಳ ಮೇಲೆ ಏನೂ ಹೊದಿಸಲಿಲ್ಲ, ಫೈಲುಗಳ ಮೇಲೆಲ್ಲ ಸಿಮೆಂಟ್ ಪುಡಿ. ಹೊಸ ಕ್ಯಾಬಿನ್ನಿನ ಕೇಸಿಂಗ್ ಪಟ್ಟಿ ಒಂದು ಕಡೆ ಸೊಟ್ಟಗಿದೆ, ದಿನಾ ಕಣ್ಣಿಗೆ ಬೀಳುತ್ತದೆ. ಜಿಎಸ್‌ಟಿ ಬಿಲ್ಲಿಗೆ ಮೂರು ಸಲ ಫೋನ್ ಮಾಡಬೇಕಾಯಿತು. ಹೊಸ ಪಾಯಿಂಟುಗಳಲ್ಲಿ ಒಂದು, ವಾರದೊಳಗೇ ಕೈಕೊಟ್ಟಿತು, ಒಂದು ತಂತಿ ಜ್ಯಾಕಿನಲ್ಲಿ ಪೂರ್ತಿ ಕೂತಿರಲಿಲ್ಲವಂತೆ. ಹೇಳಿದ ದಿನವೇ ಬಂದು ದುಡ್ಡು ಕೇಳದೆ ಸರಿ ಮಾಡಿದರು, ಅದನ್ನೂ ಹೇಳಬೇಕು. ಇನ್ನೊಂದು ವಿಷಯ, ಇವರ ಹತ್ತಿರ ದೊಡ್ಡ ಸರ್ಟಿಫಿಕೇಶನ್ ಮಷೀನ್ ಇಲ್ಲ. ಐಪರ್ಫ್‌ನಲ್ಲಿ 940 ಬಂತೆಂದರೆ ಈ ಹೊತ್ತಿಗೆ ಲೈನ್ ಗಿಗಾಬಿಟ್ ಓಡಿಸುತ್ತಿದೆ ಎಂದು ಅರ್ಥ, ಸ್ಟ್ಯಾಂಡರ್ಡಿನ ಎಲ್ಲ ಅಳತೆಯಲ್ಲೂ ಪಾಸ್ ಎಂದು ಅರ್ಥ ಅಲ್ಲ. ನಮ್ಮಂಥ ಆಫೀಸಿಗೆ ಅಷ್ಟು ಸಾಕು. ಐವತ್ತು ಅರವತ್ತು ಪಾಯಿಂಟ್ ಹಾಕಿಸುವವರು ಸರ್ಟಿಫಿಕೇಶನ್ ವರದಿ ಕೇಳಿಯೇ ದುಡ್ಡು ಕೊಡಬೇಕು.

ಲೆಕ್ಕ ಹೀಗಿದೆ. ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ 1,500, ಕ್ಯಾಟ್ 6 ಬಾಕ್ಸ್ 8,900, ಜ್ಯಾಕ್ ಮತ್ತು ಫೇಸ್‌ಪ್ಲೇಟ್ 3,400, ಪ್ಯಾಚ್ ಕಾರ್ಡ್ 2,560, ಫೈಬರ್ ಸಾಮಾನು 6,200, ಕೂಲಿ 7,500. ಮುಂದಿನ ಗಿಗಾಬಿಟ್ ಸ್ವಿಚ್ ಹಾಗೇ ಉಳಿಸಿಕೊಂಡೆವು.

ಫಲ ಏನಾಯಿತು ಎಂದರೆ, 18 ಜಿಬಿ ಬ್ಯಾಕಪ್ ಈಗ ನಾಲ್ಕು ನಿಮಿಷದೊಳಗೆ ಮುಗಿಯುತ್ತದೆ. ಮೊದಲು ಸೆಕೆಂಡಿಗೆ 11 ಎಂಬಿ (ಮೆಗಾಬೈಟ್, ಎಂಟು ಮೆಗಾಬಿಟ್ ಸೇರಿದರೆ ಒಂದು) ಹೋಗುತ್ತಿತ್ತು, ಈಗ 100ರ ಮೇಲೆ. ಈ ತಿಂಗಳ 20ರಂದು ಹನ್ನೊಂದು ಜನವೂ ಒಟ್ಟಿಗೆ ಕೂತಿದ್ದರು, ಸಂಜೆ ಆರೂವರೆಗೆ ಎಲ್ಲರೂ ಮನೆಗೆ ಹೊರಟರು. ಇಂಟರ್ನೆಟ್ ಪ್ಲಾನನ್ನು ಮತ್ತೆ 100ಕ್ಕೆ ಇಳಿಸಿದೆವು, ಯಾರಿಗೂ ವ್ಯತ್ಯಾಸ ಗೊತ್ತಾಗಿಲ್ಲ.

ಪೂರ್ತಿ ಬದಲಿಸುವುದು ಯಾವಾಗಲೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಗೋಡೆಯಲ್ಲಿರುವುದು ಸಿಸಿಎ ಎಂದು ಗೊತ್ತಾದರೆ, ಇಲಿ ಕಡಿದಿದ್ದರೆ, ಅಥವಾ ಹೇಗೂ ಆಫೀಸ್ ನವೀಕರಣ ಮಾಡಿಸುತ್ತಿದ್ದು ಗೋಡೆ ತೆರೆದಿದ್ದರೆ ಹೊಸದೇ ಹಾಕಿಸಿ, ಪ್ರತಿ ಜಾಗಕ್ಕೂ ಒಂದರ ಬದಲು ಎರಡು ಎಳೆಸಿ, ಮುಂದೆ ಕೇಬಲ್ ಎಳೆಯಲು ಪೈಪಿನಲ್ಲಿ ಒಂದು ಖಾಲಿ ದಾರವನ್ನೂ ಹಾಕಿಸಿಡಿ. ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋಗಳಲ್ಲಿ ನೂರಾರು ಜಿಬಿ ದಿನಾ ಓಡಾಡುತ್ತದೆ, ಅವರ ಲೆಕ್ಕವೇ ಬೇರೆ. ಆನ್‌ಲೈನಿನಲ್ಲಿ ಕ್ಯಾಟ್ 7, ಕ್ಯಾಟ್ 8 ಎಂದು ಮಾರುವ ಪ್ಯಾಚ್ ಕಾರ್ಡ್‌ಗೆ ಮಾತ್ರ ಸಣ್ಣ ಆಫೀಸಿನವರು ದುಡ್ಡು ಹಾಕುವುದು ಬೇಡ. ಕ್ಯಾಟ್ 8 ಇರುವುದು ಡೇಟಾ ಸೆಂಟರಿನೊಳಗೆ 30 ಮೀಟರ್ ದೂರಕ್ಕೆ.

ಯಾರನ್ನಾದರೂ ಕರೆಸುವ ಮೊದಲು ನೀವೇ ಒಂದು ಕೆಲಸ ಮಾಡಬಹುದು, ಖರ್ಚಿಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರೊಳಗೆ ಈಥರ್ನೆಟ್ ತೆರೆದರೆ ಲಿಂಕ್ ಸ್ಪೀಡ್ ಎಂದು ಇರುತ್ತದೆ. 1000 ಇದೆಯಾ, 100 ಇದೆಯಾ ನೋಡಿ. ಎಲ್ಲ ಕಂಪ್ಯೂಟರಿನಲ್ಲೂ ನೋಡಿ ಒಂದು ಹಾಳೆಯಲ್ಲಿ ಬರೆಯಿರಿ. ನೂರು ತೋರಿಸುವ ಕಡೆ ಮೊದಲು ಪ್ಯಾಚ್ ಕಾರ್ಡ್ ಬದಲಿಸಿ, ಆಮೇಲೆ ಆ ದಾರಿಯಲ್ಲಿರುವ ಸ್ವಿಚ್ಚಿನ ಹಿಂದೆ ಏನು ಬರೆದಿದೆ ಓದಿ, ಆಮೇಲೆ ಫೇಸ್‌ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ ಎಂಟೂ ತಂತಿ ಜ್ಯಾಕಿಗೆ ಬಂದಿವೆಯಾ ಎಣಿಸಿ. ಆ ಹಾಳೆ ಕೈಯಲ್ಲಿದ್ದರೆ ಕೊಟೇಶನ್ ಕೊಡಲು ಬಂದವರ ಜೊತೆ ಮಾತಾಡುವ ರೀತಿಯೇ ಬೇರೆ ಆಗುತ್ತದೆ.

ನನ್ನ ಹಾಳೆಯನ್ನು ರ‍್ಯಾಕಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಹದಿನೆಂಟು ಪಾಯಿಂಟ್, ಎಲ್ಲದರ ಮುಂದೆ 930ರ ಮೇಲಿನ ಸಂಖ್ಯೆ, ತಾರೀಕು. ಮಳೆಗಾಲ ಮುಗಿದ ಮೇಲೆ ಇನ್ನೊಂದು ಸಲ ಅಳೆದು ಪಕ್ಕದ ಕಾಲಂ ತುಂಬುತ್ತೇನೆ, ಹಳೇ ಫೈಲುಗಳ ಕೋಣೆಯ ಫೈಬರ್ ಹೇಗೆ ತಡೆದುಕೊಂಡಿತು ಎನ್ನುವುದನ್ನು ಆಗ ಇಲ್ಲೇ ಸೇರಿಸುತ್ತೇನೆ.